ಕಾರಿನ ಸ್ಪೀಡೋಮೀಟರ್ ಕೈಕೊಟ್ಟಾಗ: ಉತ್ತರ ಕನ್ನಡದ ಕಾರು ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಿಂದ ಭಟ್ಕಳದವರೆಗೆ ಉಪ್ಪುಗಾಳಿ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಬಿಟ್ಟೂ ಬಿಡದ ಮಳೆ. ಈ ಎರಡನ್ನೂ ಉಂಡು ಓಡುವ ಕಾರುಗಳ ಸ್ಪೀಡೋಮೀಟರ್ ಒಂದಲ್ಲ ಒಂದು ದಿನ ತಪ್ಪು ಹೇಳುತ್ತದೆ, ಇಲ್ಲವೇ ಸುಮ್ಮನಾಗಿಬಿಡುತ್ತದೆ. ಆಗ ಬಹಳಷ್ಟು ಮಂದಿ ಮಾಡುವ ಮೊದಲ ಕೆಲಸ ಮೀಟರನ್ನೇ ಬಿಚ್ಚಿಸುವುದು. ಅದು ಕೊನೆಯ ಕೆಲಸವಾಗಬೇಕು. ವೇಗದ ಲೆಕ್ಕ ಹುಟ್ಟುವುದು ಗಾಲಿಯ ಬಳಿ ಅಥವಾ ಗೇರ್‌ಬಾಕ್ಸಿನಲ್ಲಿ; ಮುಳ್ಳು ಅದನ್ನು ತೋರಿಸುತ್ತದೆ, ಅಷ್ಟೇ. ನಮ್ಮ ಹವೆಯಲ್ಲಿ ಕೆಡುವುದು ಹೆಚ್ಚಾಗಿ ನಡುವಿನ ದಾರಿ: ಕನೆಕ್ಟರ್, ವೈರು, ಅರ್ಥ್ (ವಿದ್ಯುತ್ ಕಾರಿನ ಲೋಹದ ಮೈಗೆ ಮರಳುವ ಜೋಡಣೆ), ಗಾಲಿಯ ಬಳಿಯ ಸೆನ್ಸರ್. ಹಾಗಾಗಿ ಇಲ್ಲಿನ ಉತ್ತರಗಳೆಲ್ಲ ಗಾಲಿಯಿಂದ ಹೊರಟು ಮುಳ್ಳಿನ ಕಡೆಗೆ ಸಾಗುತ್ತವೆ.

ಮುಳ್ಳು ಸೊನ್ನೆಯಿಂದ ಏಳುತ್ತಲೇ ಇಲ್ಲ. ಮೊದಲು ಏನು ನೋಡಬೇಕು?

ಉಪಕರಣ ಕೈಗೆತ್ತಿಕೊಳ್ಳುವ ಮೊದಲು ಡ್ಯಾಶ್‌ಬೋರ್ಡನ್ನು ಸರಿಯಾಗಿ ಓದಿ. ಅರ್ಧ ರೋಗ ಅಲ್ಲೇ ತಿಳಿಯುತ್ತದೆ.

ಕಿಲೋಮೀಟರ್ ಎಣಿಕೆ ಮುಂದೆ ಹೋಗುತ್ತಿದೆ, ಮುಳ್ಳು ಮಾತ್ರ ಸತ್ತಿದೆ ಎಂದಾದರೆ ಗಾಲಿಯ ಕಡೆಯಿಂದ ಮಾಹಿತಿ ಬರುತ್ತಲೇ ಇದೆ. ದೋಷ ಮೀಟರಿನ ಒಳಗಿದೆ. ಎರಡೂ ನಿಂತಿದ್ದರೆ ಕೇಬಲ್, ಸೆನ್ಸರ್ ಅಥವಾ ವೈರಿಂಗ್ ಕಡೆ ಹುಡುಕಬೇಕು. ಡೀಸೆಲ್ ಮುಳ್ಳು, ಬಿಸಿಯ ಮುಳ್ಳು, ದೀಪಗಳೂ ಜೊತೆಗೆ ಸತ್ತಿದ್ದರೆ ಫ್ಯೂಸ್ ಅಥವಾ ಅರ್ಥ್. ಎಬಿಎಸ್ (ಬ್ರೇಕ್ ಒತ್ತಿದಾಗ ಗಾಲಿ ಜಾರದಂತೆ ಕಾಯುವ ವ್ಯವಸ್ಥೆ) ದೀಪ ಹೊತ್ತಿಕೊಂಡೇ ಇದ್ದರೆ ಗಾಲಿಯ ಸೆನ್ಸರಿನತ್ತ ಬೆರಳು ತೋರಿಸಬಹುದು. ಗ್ಯಾರೇಜಿಗೆ ಹೋದಾಗ ಬರಿದೇ ‘ಮೀಟರ್ ಕೆಟ್ಟಿದೆ’ ಎನ್ನುವ ಬದಲು ಈ ನಾಲ್ಕರಲ್ಲಿ ಯಾವುದು ಎಂದು ಹೇಳಿ. ಮೆಕ್ಯಾನಿಕ್‌ನ ಸಮಯವೂ ಉಳಿಯುತ್ತದೆ, ನಿಮ್ಮ ಹಣವೂ ಉಳಿಯುತ್ತದೆ.

ನನ್ನ ಕಾರಿನದು ಕೇಬಲ್ ಮೀಟರೋ, ಸೆನ್ಸರ್ ಮೀಟರೋ? ತಿಳಿಯುವುದು ಹೇಗೆ?

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಹಳೆಯ ಮಾರುತಿ 800 ಮತ್ತು ಓಮ್ನಿಗಳಲ್ಲಿ ಇದ್ದದ್ದು ಕೇಬಲ್. ಗೇರ್‌ಬಾಕ್ಸಿನಲ್ಲಿರುವ ಸಣ್ಣ ಹಲ್ಲುಚಕ್ರ ಕೇಬಲ್ ಒಳಗಿನ ತಂತಿಯನ್ನು ತಿರುಗಿಸುತ್ತದೆ, ಆ ತಂತಿ ಮೀಟರಿನೊಳಗೆ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅಯಸ್ಕಾಂತದ ಸುತ್ತ ಅದನ್ನು ಮುಟ್ಟದೆ ನಿಂತಿರುವ ಅಲ್ಯೂಮಿನಿಯಂ ಬಟ್ಟಲಿನಲ್ಲಿ ಸುಳಿವಿದ್ಯುತ್ (ಎಡ್ಡಿ ಕರೆಂಟ್, ಲೋಹದೊಳಗೆ ಸುಳಿಯಂತೆ ಸುತ್ತುವ ವಿದ್ಯುತ್) ಹುಟ್ಟಿ ಬಟ್ಟಲನ್ನು ಎಳೆಯುತ್ತದೆ. ಕೂದಲೆಳೆಯಂಥ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಜಗ್ಗುತ್ತದೆ. ಎರಡೂ ಎಳೆತ ಸಮನಾದ ಜಾಗದಲ್ಲಿ ಮುಳ್ಳು ನಿಲ್ಲುತ್ತದೆ. ಜರ್ಮನಿಯ ಓಟೋ ಶುಲ್ಜೆ 1902ರಲ್ಲಿ ಪೇಟೆಂಟ್ ಪಡೆದ ಈ ಉಪಾಯ ಅಷ್ಟು ಸರಳ, ಅಷ್ಟು ಗಟ್ಟಿ. ಶಿರಸಿ ಸುತ್ತಿನ ತೋಟದ ಮನೆಗಳಲ್ಲಿ ಇಂಥ ಹಳೆಯ ಗಾಡಿಗಳನ್ನು ಪ್ರೀತಿಯಿಂದ ಇಟ್ಟುಕೊಂಡವರು ಇವತ್ತಿಗೂ ಇದ್ದಾರೆ. ಅವರಿಗಾಗಿ ಕೇಬಲ್ ಬಗ್ಗೆ ಮುಂದೆ ವಿವರವಾಗಿಯೇ ಬರೆದಿದ್ದೇನೆ.

ಆಮೇಲಿನ ಕಾರುಗಳಲ್ಲಿ ಗೇರ್‌ಬಾಕ್ಸಿನ ಮೇಲೆ ಮೂರು ವೈರುಗಳ ಸೆನ್ಸರ್ ಬಂತು. ಎಬಿಎಸ್ ಇರುವ ಹೊಸ ಕಾರುಗಳಲ್ಲಿ ಆ ಸೆನ್ಸರೂ ಬಹುಪಾಲು ಇಲ್ಲ; ಗಾಲಿಗಳ ಎಬಿಎಸ್ ಸೆನ್ಸರುಗಳ ಲೆಕ್ಕವೇ ಮೀಟರಿಗೆ ಹೋಗುತ್ತದೆ.

ಮೀಟರಿನಲ್ಲಿ 80 ಇದ್ದಾಗ ಮೊಬೈಲ್ ಜಿಪಿಎಸ್ 75 ತೋರಿಸುತ್ತದೆ. ಇದು ದೋಷವೇ?

ದೋಷವಲ್ಲ. ಕಾರು ತಯಾರಕರು ಬೇಕೆಂದೇ ಮೀಟರನ್ನು ಸ್ವಲ್ಪ ಹೆಚ್ಚು ತೋರಿಸುವಂತೆ ಹೊಂದಿಸುತ್ತಾರೆ. ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು. ಹೆಚ್ಚು ತೋರಿಸುವುದಾದರೆ ನಿಜವಾದ ವೇಗದ ಶೇಕಡಾ 10ರ ಮೇಲೆ 4 ಕಿಲೋಮೀಟರ್ ದಾಟಬಾರದು. ಅಂದರೆ ನಿಜವಾಗಿ 80ರಲ್ಲಿ ಹೋಗುವ ಕಾರಿನ ಮುಳ್ಳು 92ರವರೆಗೆ ಇದ್ದರೂ ಆ ನಿಯಮದ ಒಳಗೇ ಇದೆ.

ಚಿಂತೆ ಮಾಡಬೇಕಾದದ್ದು ಇದರ ಉಲ್ಟಾ ಸಂಗತಿಗೆ. ಜಿಪಿಎಸ್ 80 ಎನ್ನುವಾಗ ಮೀಟರ್ 74 ಎಂದರೆ ಅದನ್ನು ಒಂದು ವಾರವೂ ಹಾಗೆ ಬಿಡಬೇಡಿ. ಟಯರ್ ಅಳತೆ ಬದಲಾಗಿರುವುದು ಇದಕ್ಕೆ ಸಾಮಾನ್ಯ ಕಾರಣ; ಆ ಪ್ರಶ್ನೆ ಮುಂದೆ ಇದೆ.

ಸರಿಯಾಗಿ ಹೋಲಿಸಿ ನೋಡುವುದು ಹೇಗೆ?

ಘಟ್ಟದಲ್ಲಿ ಬೇಡ. ದೇವಿಮನೆ, ಅರಬೈಲ್ ಘಟ್ಟಗಳ ತಿರುವುಗಳಲ್ಲಿ ಗುಡ್ಡ ಮತ್ತು ಮರಗಳ ಮರೆಯಿಂದ ಜಿಪಿಎಸ್ ತಡವರಿಸುತ್ತದೆ. ವೇಗವೂ ಒಂದೇ ಸಮ ಇರುವುದಿಲ್ಲ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ನೇರವಾದ, ಸಮತಟ್ಟಾದ, ವಾಹನ ಕಡಿಮೆ ಇರುವ ಜಾಗ ಆರಿಸಿ. ಟಯರುಗಳ ಗಾಳಿ ಸರಿ ಇರಲಿ. ಮುಳ್ಳನ್ನು 60ರಲ್ಲಿ ಕೆಲವು ಹೊತ್ತು ಅಲುಗದಂತೆ ಹಿಡಿಯಿರಿ, ಪಕ್ಕದಲ್ಲಿ ಕುಳಿತವರು ಮೊಬೈಲ್ ಓದಲಿ. ಕಾರು ಓಡಿಸುವವರು ಮೊಬೈಲ್ ನೋಡುವುದು ಖಂಡಿತ ಬೇಡ. ಜಿಪಿಎಸ್ ಲೆಕ್ಕ ಯಾವಾಗಲೂ ಒಂದೆರಡು ಸೆಕೆಂಡ್ ಹಿಂದಿರುತ್ತದೆ. ವೇಗ ಏರುವಾಗ ಇಳಿಯುವಾಗ ಓದಿದ ಅಂಕಿಗೆ ಬೆಲೆ ಇಲ್ಲ.

ಮೊಬೈಲ್ ಇಲ್ಲದೆಯೂ ಆಗುತ್ತದೆ. ಗಂಟೆಗೆ 60 ಎಂದರೆ ನಿಮಿಷಕ್ಕೆ ಒಂದು ಕಿಲೋಮೀಟರ್. ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನದಕ್ಕೆ 65 ಸೆಕೆಂಡ್ ಹಿಡಿದರೆ ನಿಮ್ಮ ನಿಜವಾದ ವೇಗ ಸುಮಾರು 55. ರಸ್ತೆ ಅಗಲವಾದ ಮೇಲೆ ಕೆಲವು ಕಲ್ಲುಗಳು ಸರಿದಿರಬಹುದಾದ್ದರಿಂದ ಒಂದನ್ನೇ ನಂಬದೆ ನಾಲ್ಕೈದು ಕಲ್ಲುಗಳ ಒಟ್ಟು ಸಮಯ ತೆಗೆದುಕೊಳ್ಳಿ.

2019ರ ಜುಲೈ ನಂತರ ತಯಾರಾದ ಕಾರಾದರೆ ಇನ್ನೊಂದು ಸುಳಿವು ಇದೆ. 80 ದಾಟಿದಾಗ ಬಿಟ್ಟು ಬಿಟ್ಟು, 120 ದಾಟಿದಾಗ ನಿರಂತರವಾಗಿ ಎಚ್ಚರಿಕೆಯ ಸದ್ದು ಬರುವುದು ಅವುಗಳಲ್ಲಿ ಕಡ್ಡಾಯ. ಮುಳ್ಳು ಸತ್ತಿದ್ದರೂ ಹೆದ್ದಾರಿಯಲ್ಲಿ ಆ ಸದ್ದು ಕೇಳಿಸಿದರೆ ಕಾರಿನ ಕಂಪ್ಯೂಟರಿಗೆ ವೇಗ ತಿಳಿಯುತ್ತಿದೆ ಎಂದರ್ಥ.

ಹಳೆಯ ಕಾರಿನ ಮುಳ್ಳು ನಡುಗುತ್ತದೆ, ಒಳಗಿನಿಂದ ಕಿರಕಿರ ಸದ್ದು ಬರುತ್ತದೆ. ಏಕೆ?

ಕೇಬಲ್ ಒಣಗಿದೆ, ಅಥವಾ ಎಲ್ಲೋ ಹೆಚ್ಚು ಬಾಗಿದೆ. ಒಳಗಿನ ತಂತಿ ಸಿಕ್ಕಿಕೊಂಡು, ಬಿಗಿದು, ತಟ್ಟನೆ ಬಿಡಿಸಿಕೊಂಡು ತಿರುಗುತ್ತದೆ. ಆ ಎಳೆದಾಟವೇ ಮುಳ್ಳಿನ ನಡುಕ. ನಿಧಾನ ವೇಗದಲ್ಲಿ ಇದು ಹೆಚ್ಚು ಕಾಣುತ್ತದೆ.

ಮೀಟರಿನ ಹಿಂದಿನ ತುದಿ ಬಿಚ್ಚಿ ಒಳತಂತಿಯನ್ನು ಹೊರಗೆಳೆಯಿರಿ. ತುದಿಯ ಚೌಕಾಕಾರ ಸವೆದು ದುಂಡಗಾಗಿದ್ದರೆ, ಎಳೆಗಳು ಬಿಚ್ಚಿಕೊಂಡಿದ್ದರೆ ಹೊಸ ಕೇಬಲ್ ಹಾಕುವುದೇ ಸರಿ. ಹಾಗಿಲ್ಲದಿದ್ದರೆ ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆದು, ಒರೆಸಿ, ತೆಳುವಾಗಿ ಗ್ರೀಸ್ ಸವರಿ. ಮೇಲ್ತುದಿಯ ಒಂದು ಗೇಣನ್ನು ಗ್ರೀಸ್ ಇಲ್ಲದೆ ಹಾಗೆಯೇ ಬಿಡಿ. ತಂತಿ ತಿರುಗುವಾಗ ಗ್ರೀಸ್ ಮೇಲೇರಿ ಮೀಟರಿನ ಬಟ್ಟಲಿಗೆ ಮೆತ್ತಿಕೊಂಡರೆ ಮುಳ್ಳು ಅಂಟಿಕೊಳ್ಳುತ್ತದೆ. ಚೆನ್ನಾಗಿದ್ದ ಮೀಟರ್ ಹಾಗೆ ಹಾಳಾಗುತ್ತದೆ. ಮರಳಿ ಕೂರಿಸುವಾಗ ಕೇಬಲ್ ಎಲ್ಲಿಯೂ ಚೂಪಾಗಿ ತಿರುಗದಂತೆ, ಪೆಡಲಿಗೆ ತಾಗದಂತೆ ನೋಡಿಕೊಳ್ಳಿ.

ಮುಳ್ಳು ಪೂರ್ತಿ ನಿಂತಿದ್ದರೆ ತಂತಿ ತಿರುಗುತ್ತಿದೆಯೇ ಎಂದು ನೋಡಬೇಕು. ಇದಕ್ಕಾಗಿ ಎರಡೂ ಮುಂದಿನ ಗಾಲಿಗಳನ್ನು ಜ್ಯಾಕಿನಲ್ಲಿ ಎತ್ತಿ ಒಂದನ್ನು ಕೈಯಲ್ಲಿ ತಿರುಗಿಸುವವರಿದ್ದಾರೆ. ಮುಂದಿನ ಗಾಲಿ ಎಳೆಯುವ ಕಾರಿನಲ್ಲಿ ಆಗ ಇನ್ನೊಂದು ಗಾಲಿ ಹಿಮ್ಮುಖವಾಗಿ ತಿರುಗುತ್ತದೆ, ಕೇಬಲ್ ಮಾತ್ರ ಅಲುಗುವುದಿಲ್ಲ. ಒಳ್ಳೆಯ ಕೇಬಲ್ ಕೆಟ್ಟಿದೆ ಎಂಬ ತೀರ್ಮಾನಕ್ಕೆ ಬರುತ್ತಾರೆ. ಸಮತಟ್ಟಾದ ಅಂಗಳದಲ್ಲಿ ಕಾರನ್ನು ನ್ಯೂಟ್ರಲ್‌ಗೆ ಹಾಕಿ, ಇಬ್ಬರು ಹತ್ತಡಿ ತಳ್ಳಲಿ. ಒಬ್ಬರು ಒಳಗೆ ಕುಳಿತು ಬಿಚ್ಚಿದ ತುದಿಯನ್ನು ನೋಡಲಿ. ತಿರುಗಿದರೆ ಮೀಟರಿನ ದೋಷ. ತಿರುಗದಿದ್ದರೆ ತಂತಿ ತುಂಡಾಗಿದೆ, ಇಲ್ಲವೇ ಗೇರ್‌ಬಾಕ್ಸಿನ ಪ್ಲಾಸ್ಟಿಕ್ ಹಲ್ಲುಚಕ್ರ ಸವೆದಿದೆ. ಆ ಚಕ್ರ ಬಿಚ್ಚಿದಾಗ ಅದರ ರಬ್ಬರ್ ಉಂಗುರವನ್ನೂ ಬದಲಿಸಿ; ಅದು ಸೋರಿದರೆ ಗೇರ್ ಎಣ್ಣೆ ಕೇಬಲ್ ಹಿಡಿದು ಮೇಲಕ್ಕೆ ಬರುತ್ತದೆ.

ಗೇರ್‌ಬಾಕ್ಸಿನ ಸೆನ್ಸರನ್ನು ಮನೆಯಲ್ಲಿ ಪರೀಕ್ಷಿಸಬಹುದೇ?

ಮಲ್ಟಿಮೀಟರ್ (ವೋಲ್ಟೇಜ್ ಅಳೆಯುವ ಉಪಕರಣ) ಬಳಸಲು ಬಂದರೆ ಧಾರಾಳವಾಗಿ. ಮೂರು ವೈರುಗಳಲ್ಲಿ ಒಂದು ವಿದ್ಯುತ್ ಕೊಡುವುದು, ಒಂದು ಅರ್ಥ್, ಒಂದು ಸಿಗ್ನಲ್. ಕನೆಕ್ಟರ್ ಬಿಚ್ಚದೆ ಹಿಂದಿನಿಂದ ಸೂಜಿ ತೂರಿಸಿ ನೋಡಿ. ಕೀಲಿ ಆನ್ ಮಾಡಿದಾಗ ಮೊದಲ ವೈರಿನಲ್ಲಿ ಕಾರಿನ ಮಾದರಿಗೆ ತಕ್ಕಂತೆ 12 ಅಥವಾ 5 ವೋಲ್ಟ್ ಬರಬೇಕು. ಬಾರದಿದ್ದರೆ ಸೆನ್ಸರನ್ನು ದೂಷಿಸಬೇಡಿ. ಫ್ಯೂಸ್ ಮತ್ತು ವೈರು ನೋಡಿ. ವಿದ್ಯುತ್ತೂ ಅರ್ಥೂ ಸರಿ ಇದ್ದರೆ ಕಾರನ್ನು ನಿಧಾನವಾಗಿ ತಳ್ಳಿಸಿ ಸಿಗ್ನಲ್ ವೈರಿನ ವೋಲ್ಟೇಜ್ ಏರಿಳಿಯುತ್ತದೆಯೇ ನೋಡಿ. ಏರಿಳಿದರೆ ಸೆನ್ಸರ್ ಜೀವಂತ. ಅಲುಗದೆ ನಿಂತರೆ ಸೆನ್ಸರ್ ಬಿಚ್ಚಿ ಅದರ ಹಲ್ಲುಚಕ್ರ ನೋಡಿ, ಆಮೇಲೆ ಹೊಸದು ತನ್ನಿ.

ಸೆನ್ಸರ್ ಬದಲಿಸುವ ಮುನ್ನ ಕನೆಕ್ಟರಿನ ಒಳಗೆ ಟಾರ್ಚ್ ಬಿಟ್ಟು ನೋಡುವುದನ್ನು ಮಾತ್ರ ಮರೆಯಬೇಡಿ. ಕರಾವಳಿಯ ಕಾರುಗಳಲ್ಲಿ ಪಿನ್ನುಗಳ ಮೇಲೆ ಹಸಿರು ಕಿಲುಬು ಕೂತಿರುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಸಣ್ಣ ಬ್ರಷ್‌ನಲ್ಲಿ ಉಜ್ಜಿ, ಒಣಗಿದ ಮೇಲೆ ಕನೆಕ್ಟರಿಗೆಂದೇ ಸಿಗುವ ಸಿಲಿಕೋನ್ ಗ್ರೀಸ್ ಸವರಿ ಮುಚ್ಚಿ. ಹೊಸ ಸೆನ್ಸರಿನ ಖರ್ಚು ಇಷ್ಟರಲ್ಲೇ ತಪ್ಪುವುದುಂಟು.

ಎಬಿಎಸ್ ದೀಪವೂ ಹೊತ್ತಿದೆ, ಮೀಟರೂ ನಿಂತಿದೆ. ಎರಡಕ್ಕೂ ಸಂಬಂಧ ಇದೆಯೇ?

ಇದೆ, ಮತ್ತು ಇದನ್ನು ಮುಂದೂಡಬಾರದು. ಮೀಟರಿನ ತೊಂದರೆಯ ಜೊತೆಗೆ ಮಳೆಯ ರಸ್ತೆಯಲ್ಲಿ ಗಾಲಿ ಜಾರದಂತೆ ಕಾಯುವ ವ್ಯವಸ್ಥೆಯೂ ಮಲಗಿದೆ. ಮಾಮೂಲಿ ಬ್ರೇಕ್ ಇರುತ್ತದೆ, ಎಬಿಎಸ್ ರಕ್ಷಣೆ ಇರುವುದಿಲ್ಲ.

ಪ್ರತಿ ಗಾಲಿಯ ಹಬ್ (ಗಾಲಿಯ ನಡುಭಾಗ) ಬಳಿ ಒಂದು ಸೆನ್ಸರ್, ಅದರೆದುರು ಹಲ್ಲುಗಳ ಉಂಗುರ ಇರುತ್ತದೆ. ಹೊಸ ಕಾರುಗಳಲ್ಲಿ ಬೇರಿಂಗಿನ ಸೀಲಿನಲ್ಲೇ ಅಯಸ್ಕಾಂತದ ಪಟ್ಟಿ ಇರುವುದೂ ಉಂಟು. ಉಪ್ಪುಗಾಳಿ ಮೊದಲು ಹಿಡಿಯುವುದು ಇದನ್ನೇ. ಉಂಗುರದ ಕೆಳಗೆ ತುಕ್ಕು ಬೆಳೆದು ಅದನ್ನು ಮೇಲೆತ್ತುತ್ತದೆ, ಬಿರುಕು ಬಿಡಿಸುತ್ತದೆ. ಸೆನ್ಸರಿಗೂ ಉಂಗುರಕ್ಕೂ ನಡುವಿನ ಅಂತರ ಕೆಡುತ್ತದೆ. ನಿಲ್ಲುವ ಮುನ್ನ, ತೀರಾ ನಿಧಾನದಲ್ಲಿ ಬ್ರೇಕ್ ಪೆಡಲ್ ಕಾರಣವಿಲ್ಲದೆ ಮಿಡಿದರೆ ಇದೇ ಇರಬಹುದು. ಕಾರನ್ನು ಕಡಲತೀರದ ಮರಳಿಗೆ ಇಳಿಸುವವರು ಮನೆಗೆ ಬಂದ ದಿನವೇ ಗಾಲಿ ಮತ್ತು ಅಡಿಭಾಗವನ್ನು ಸಿಹಿನೀರಿನಲ್ಲಿ ತೊಳೆಯಲೇಬೇಕು. ತೀರಕ್ಕೆ ಇಳಿಸದಿರುವುದು ಇನ್ನೂ ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಗಾಲಿಯ ಬೇರಿಂಗ್ ಬದಲಿಸಿದ ಮರುದಿನದಿಂದ ಮೀಟರ್ ಅಥವಾ ಎಬಿಎಸ್ ತೊಂದರೆ ಶುರುವಾಗಿದ್ದರೆ ಬೇರಿಂಗನ್ನು ತಿರುವುಮುರುವಾಗಿ ಕೂರಿಸಿರುವ ಸಾಧ್ಯತೆ ದೊಡ್ಡದು. ಅಯಸ್ಕಾಂತದ ಪಟ್ಟಿ ಇರುವ ಬದಿ ಸೆನ್ಸರ್ ಕಡೆಗೇ ಬರಬೇಕು. ಕಣ್ಣಿಗೆ ಎರಡೂ ಬದಿ ಒಂದೇ ಥರ ಕಾಣುತ್ತದೆ. ಇಂಥ ಸೆನ್ಸರುಗಳನ್ನು ಮಲ್ಟಿಮೀಟರಿನಲ್ಲಿ ಓಮ್ (ವಿದ್ಯುತ್ತಿಗಿರುವ ತಡೆ) ಅಳೆದು ಪರೀಕ್ಷಿಸಲೂ ಬಾರದು. ಕಾರಿನ ಕಂಪ್ಯೂಟರನ್ನು ಓದುವ ಸ್ಕ್ಯಾನರಿನಲ್ಲಿ ನಾಲ್ಕೂ ಗಾಲಿಗಳ ವೇಗ ಅಕ್ಕಪಕ್ಕ ನೋಡುವುದೇ ಸರಿಯಾದ ದಾರಿ. ಯಾವುದು ಸೊನ್ನೆ ತೋರಿಸುತ್ತದೋ, ಯಾವುದು ತಪ್ಪಿ ತಪ್ಪಿ ಓಡುತ್ತದೋ ಅದೇ ಗಾಲಿ.

ಸ್ಕ್ಯಾನರ್ ಹಾಕಿದರೆ ಎಲ್ಲ ಗೊತ್ತಾಗುತ್ತದೆಯೇ?

ಎಲ್ಲ ಅಲ್ಲ, ಹುಡುಕುವ ದಿಕ್ಕು ಗೊತ್ತಾಗುತ್ತದೆ. ಪಿ 0500 ಎಂಬ ಕೋಡ್ ಬಂದರೆ ವೇಗದ ಸೆನ್ಸರಿನ ಜಾಡಿನಲ್ಲಿ ದೋಷ ಎಂದರ್ಥ. ಸೆನ್ಸರೇ ಕೆಟ್ಟಿದೆ ಎಂದು ಅದು ಹೇಳುವುದಿಲ್ಲ. ವೈರು ತುಂಡಾದರೂ ಅದೇ ಕೋಡ್ ಬರುತ್ತದೆ. ಕೋಡಿಗಿಂತ ಉಪಯೋಗಕ್ಕೆ ಬರುವುದು ಓಡುವಾಗಿನ ವೇಗದ ಅಂಕಿ. ಸ್ಕ್ಯಾನರಿನಲ್ಲಿ 50, ಮುಳ್ಳು ಸೊನ್ನೆ ಎಂದಾದರೆ ಮೀಟರ್ ಅಥವಾ ಅದರ ವೈರು. ಎರಡೂ ಸೊನ್ನೆ ಎಂದಾದರೆ ಸೆನ್ಸರಿನ ಕಡೆ. ಮೊಬೈಲಿಗೆ ಬ್ಲೂಟೂತ್‌ನಲ್ಲಿ ಜೋಡಿಸುವ ಅಗ್ಗದ ಸ್ಕ್ಯಾನರ್ ಕೂಡ ಇಷ್ಟನ್ನು ತೋರಿಸುತ್ತದೆ.

ಮಳೆಗಾಲದಲ್ಲಿ ಮಾತ್ರ ಕೆಡುತ್ತದೆ, ಬಿಸಿಲು ಬಂದರೆ ಸರಿಹೋಗುತ್ತದೆ. ಏನು ಮಾಡಲಿ?

ಬಿಸಿಲು ಬರುವವರೆಗೆ ಕಾಯದೆ, ಕೆಟ್ಟಿರುವಾಗಲೇ ತೋರಿಸಿ. ಬಂದುಹೋಗುವ ದೋಷವನ್ನು ಅದು ಇರುವಾಗ ಹಿಡಿಯುವುದೇ ಸುಲಭ. ಎಂಜಿನ್ ಚಾಲೂ ಇಟ್ಟು, ಸ್ಕ್ಯಾನರ್ ನೋಡುತ್ತ ವೈರಿಂಗನ್ನು ಒಂದೊಂದೇ ಜಾಗದಲ್ಲಿ ಮೆಲ್ಲಗೆ ಅಲುಗಾಡಿಸಿದರೆ ಹುಳುಕು ಸಿಗುತ್ತದೆ. ಫ್ಯೂಸ್ ಪೆಟ್ಟಿಗೆಯಲ್ಲಿ ನೀರಿನ ಕಲೆ, ಕಾಲ ಬಳಿ ಕಾರ್ಪೆಟ್ ಕೆಳಗೆ ಒದ್ದೆ, ಮೀಟರಿನ ಗಾಜಿನೊಳಗೆ ಮಂಜು ಇದೆಯೇ ಎಂದೂ ನೋಡಿ.

ಹೆಡ್‌ಲೈಟ್ ಅಥವಾ ಇಂಡಿಕೇಟರ್ ಹಾಕಿದಾಗ ಮುಳ್ಳುಗಳೆಲ್ಲ ಒಟ್ಟಿಗೆ ಜಿಗಿದರೆ ಅರ್ಥ್ ದೋಷ ಎಂದು ಬಹುತೇಕ ಖಚಿತವಾಗಿ ಹೇಳಬಹುದು. ಅರ್ಥ್ ಬೋಲ್ಟ್ ಬಿಚ್ಚಿ, ತುಕ್ಕು ಉಜ್ಜಿ ಲೋಹ ಹೊಳೆಯುವಂತೆ ಮಾಡಿ, ಬಿಗಿದು, ಮೇಲೆ ಗ್ರೀಸ್ ಹಚ್ಚಿ. ಎಂಜಿನ್ ತೊಳೆಸುವಾಗ ಸರ್ವಿಸ್ ಸ್ಟೇಷನ್ನಿನವರಿಗೆ ಕನೆಕ್ಟರುಗಳ ಮೇಲೆ ನೇರ ನೀರು ಹೊಡೆಯದಂತೆ ಮೊದಲೇ ಹೇಳಿ.

ಇಲಿ ವೈರು ಕಡಿದಿದೆ. ಸುತ್ತಿ ಟೇಪ್ ಹಾಕಿದರೆ ಸಾಲದೇ?

ಸಾಲದು. ಕಾರನ್ನು ಕೊಟ್ಟಿಗೆಯ ಪಕ್ಕ, ದರಕು (ಒಣಗಿದ ಎಲೆ) ಅಥವಾ ಅಡಿಕೆ ಸಿಪ್ಪೆ ತುಂಬಿದ ಶೆಡ್ಡಿನಲ್ಲಿ ನಿಲ್ಲಿಸುವ ಮನೆಗಳಲ್ಲಿ ಇದು ಮಳೆಗಾಲದ ಮಾಮೂಲಿ ಕಥೆ. ತಿರುಚಿ ಟೇಪ್ ಸುತ್ತಿದ ಜೋಡಣೆಯೊಳಗೆ ತೇವ ಹೊಕ್ಕು ಕಿಲುಬು ಹತ್ತುತ್ತದೆ. ಮರುವರ್ಷ ಅದೇ ಜಾಗದಲ್ಲಿ ಅದೇ ದೋಷ. ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಕೊಳವೆ ತೊಡಿಸಿ. ಎಬಿಎಸ್ ಸೆನ್ಸರಿನ ಎರಡು ವೈರುಗಳು ಒಂದಕ್ಕೊಂದು ಹೆಣೆದುಕೊಂಡಿದ್ದರೆ ಆ ಹೆಣಿಗೆ ಬಿಚ್ಚಬೇಡಿ, ಹೊರಗಿನ ಗದ್ದಲ ಸಿಗ್ನಲಿಗೆ ಸೇರದಿರಲೆಂದೇ ಅದನ್ನು ಹಾಗೆ ಮಾಡಿರುತ್ತಾರೆ. ವಾರಗಟ್ಟಲೆ ನಿಂತ ಕಾರಿನ ಬಾನೆಟ್ಟನ್ನು ಎರಡು ದಿನಕ್ಕೊಮ್ಮೆ ಎತ್ತಿ ನೋಡುವುದು ಒಳ್ಳೆಯ ರೂಢಿ.

ದೋಷ ಮೀಟರಿನ ಒಳಗೇ ಇದೆ ಎಂದು ಖಚಿತವಾಯಿತು. ಮುಂದೆ?

ಈಗಿನ ಮೀಟರುಗಳಲ್ಲಿ ಪ್ರತಿ ಮುಳ್ಳಿಗೂ ಒಂದು ಸಣ್ಣ ಸ್ಟೆಪ್ಪರ್ ಮೋಟಾರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟಾರ್) ಇರುತ್ತದೆ. ಮೋಟಾರಿನ ಹಲ್ಲು ಸವೆಯುವುದು, ಬೋರ್ಡಿನ ಬೆಸುಗೆ ಬಿರುಕು ಬಿಡುವುದು ಮುಖ್ಯ ದೋಷಗಳು. ಎರಡನ್ನೂ ನುರಿತ ಎಲೆಕ್ಟ್ರಾನಿಕ್ಸ್ ಕೆಲಸಗಾರರು ರಿಪೇರಿ ಮಾಡುತ್ತಾರೆ. ಇಡೀ ಮೀಟರ್ ಬದಲಿಸುವುದಕ್ಕಿಂತ ಇದು ಎಷ್ಟೋ ಅಗ್ಗ. ಬ್ಯಾಟರಿಯ ಋಣ ತುದಿ ಕಳಚದೆ ಮೀಟರ್ ಬಿಚ್ಚಬಾರದು. ಏರ್‌ಬ್ಯಾಗ್ ಇರುವ ಸ್ಟೀರಿಂಗಿಗೆ ಮನೆಯಲ್ಲಿ ಕೈ ಹಾಕಲೇಬಾರದು. ಮುಳ್ಳು ಕೀಳುವ ಮುನ್ನ ಅದು ನಿಂತ ಜಾಗ ಗುರುತಿಸಿಕೊಳ್ಳಿ, ಮರಳಿ ಕೂರಿಸಿದ ಮೇಲೆ 40, 60, 80ರಲ್ಲಿ ಜಿಪಿಎಸ್ ಜೊತೆ ಹೋಲಿಸಿ.

ಹಳೆಯ ಕಾರಿನಿಂದ ಬಿಚ್ಚಿದ ಮೀಟರ್ ಹಾಕಿಸುವುದಾದರೆ ಎಚ್ಚರ ಬೇಕು. ಅದರಲ್ಲಿ ಆ ಕಾರಿನ ಕಿಲೋಮೀಟರ್ ಲೆಕ್ಕ ಇರುತ್ತದೆ. ಕೆಲವು ಮಾದರಿಗಳಲ್ಲಿ ಕಳ್ಳತನ ತಡೆಯುವ ವ್ಯವಸ್ಥೆಯೂ ಮೀಟರಿಗೆ ಜೋಡಿಸಿದ್ದು, ಕಾರೇ ಚಾಲೂ ಆಗದಿರಬಹುದು. ಬದಲಿಸಿದ ದಿನಾಂಕ, ಹಳೆಯ ಅಂಕಿ, ಹೊಸ ಅಂಕಿ ಮೂರನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಮುಂದೆ ಕಾರು ಮಾರುವಾಗ ಅದೇ ನಿಮ್ಮ ಪ್ರಾಮಾಣಿಕತೆಯ ದಾಖಲೆ.

ದೊಡ್ಡ ಟಯರ್ ಹಾಕಿಸಿದ್ದೇನೆ. ಮೀಟರ್ ಕೆಡುತ್ತದೆಯೇ?

ಕೆಡುವುದಿಲ್ಲ, ಸುಳ್ಳು ಹೇಳುತ್ತದೆ. 145/80 ಆರ್12 (ಅಗಲ 145 ಮಿಲಿಮೀಟರ್, ಬದಿಯ ಎತ್ತರ ಅಗಲದ ಶೇಕಡಾ 80, ರಿಮ್ 12 ಇಂಚು) ಟಯರಿನ ವ್ಯಾಸ ಸುಮಾರು 537 ಮಿಲಿಮೀಟರ್. ಅದರ ಬದಲು 145/80 ಆರ್13 ಹಾಕಿದರೆ 562. ಗಾಲಿ ಒಂದು ಸುತ್ತಿಗೆ ಶೇಕಡಾ 4.7ರಷ್ಟು ಹೆಚ್ಚು ದೂರ ಹೋಗುತ್ತದೆ, ಮೀಟರಿಗೆ ಅದು ತಿಳಿಯುವುದಿಲ್ಲ. ಮೊದಲು ನಿಜವಾದ 80ಕ್ಕೆ 80 ತೋರಿಸುತ್ತಿದ್ದ ಕಾರು ಈಗ 84ರ ಹತ್ತಿರ ಓಡುತ್ತ 80 ಎನ್ನುತ್ತದೆ. ಅದೇ 165/80 ಆರ್14ರಿಂದ 185/65 ಆರ್15ಕ್ಕೆ ಹೋದರೆ 620 ಮಿಲಿಮೀಟರ್ 621.5 ಆಗುತ್ತದೆ, ವ್ಯತ್ಯಾಸ ಲೆಕ್ಕಕ್ಕೇ ಇಲ್ಲ. ಟಯರ್ ಅಂಗಡಿಯಲ್ಲಿ ಅಂದ ನೋಡುವ ಮೊದಲು ಈ ಲೆಕ್ಕ ಕೇಳಿ. ಸವೆದ ಟಯರಿನಲ್ಲಿ ಮೀಟರ್ ಶೇಕಡಾ 2ರಷ್ಟು ಹೆಚ್ಚು ತೋರಿಸಬಹುದು, ಅದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ.

ರಿಪೇರಿ ಆಗುವವರೆಗೆ ಕಾರು ಓಡಿಸಬಹುದೇ?

ಗ್ಯಾರೇಜಿನವರೆಗೆ, ಹತ್ತಿರದ ಕೆಲಸಕ್ಕೆ, ಮೊಬೈಲ್ ಜಿಪಿಎಸ್ ಸ್ಟ್ಯಾಂಡಿನಲ್ಲಿಟ್ಟು ಓಡಿಸಬಹುದು. ದೂರದ ಪಯಣಕ್ಕೆ ಬೇಡ. ಅಂದಾಜಿನಲ್ಲಿ ಓಡಿಸುತ್ತೇನೆ ಎನ್ನುವವರಿಗೆ ಒಂದು ಮಾತು: ಹೆದ್ದಾರಿಯಲ್ಲಿ ಅರ್ಧ ಗಂಟೆ ವೇಗವಾಗಿ ಓಡಿಸಿದ ಮೇಲೆ ಕಣ್ಣು ಆ ವೇಗಕ್ಕೆ ಒಗ್ಗಿರುತ್ತದೆ, 60 ಕೂಡ 40ರಂತೆ ಕಾಣುತ್ತದೆ. ಅಂಕೋಲಾ, ಕುಮಟಾ ಪೇಟೆಯೊಳಗೆ ತಿರುಗುವಾಗ, ಶಾಲೆಯ ಮುಂದೆ ಸಾಗುವಾಗ ಇದು ಜೀವದ ಪ್ರಶ್ನೆ.

ಕಾರಿಗೂ ತೊಂದರೆ ಇದೆ. ವೇಗದ ಮಾಹಿತಿ ಇಲ್ಲದಿದ್ದರೆ ಕೆಲವು ಕಾರುಗಳ ಎಂಜಿನ್ ನಿಲ್ಲುವಾಗ ಆಫ್ ಆಗುತ್ತದೆ, ಎಲೆಕ್ಟ್ರಿಕ್ ಪವರ್ ಸ್ಟೀರಿಂಗಿನ ಹದ ತಪ್ಪುತ್ತದೆ, ಆಟೊಮ್ಯಾಟಿಕ್ ಗೇರ್ ಸರಿಯಾಗಿ ಬದಲಾಗುವುದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 117ನೇ ನಿಯಮ ಸ್ಪೀಡೋಮೀಟರ್ ಬಗ್ಗೆಯೇ ಇದೆ. ಅತಿವೇಗಕ್ಕೆ ಮೋಟಾರು ವಾಹನ ಕಾಯ್ದೆಯ 183ನೇ ಕಲಂ ಪ್ರಕಾರ ಲಘು ವಾಹನಕ್ಕೆ 1000ದಿಂದ 2000 ರೂಪಾಯಿ ದಂಡ. ಮೀಟರ್ ಕೆಟ್ಟಿತ್ತು ಎಂಬ ಉತ್ತರ ಅಲ್ಲಿ ನಡೆಯುವುದಿಲ್ಲ. 15 ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣಕ್ಕೆ ಕಾರವಾರ, ಶಿರಸಿ, ಹೊನ್ನಾವರ, ದಾಂಡೇಲಿ ಯಾವ ಆರ್‌ಟಿಒ ಕಚೇರಿಗೆ ಒಯ್ಯುವುದಾದರೂ ಮೀಟರ್ ಸರಿಮಾಡಿಸಿಯೇ ಒಯ್ಯಿರಿ.

ಗೋವಾದಿಂದ ಹಳೆಯ ಕಾರು ತರುತ್ತಿದ್ದೇವೆ. ಮೀಟರಿನ ಕಿಲೋಮೀಟರ್ ನಂಬಬಹುದೇ?

ದಾಖಲೆ ನೋಡದೆ ನಂಬಬೇಡಿ. ಸರ್ವಿಸ್ ಬಿಲ್ಲುಗಳಲ್ಲಿ ದಿನಾಂಕದ ಜೊತೆ ಕಿಲೋಮೀಟರ್ ಬರೆದಿರುತ್ತದೆ; ಅದು ಎಲ್ಲಾದರೂ ಹಿಂದಕ್ಕೆ ಹೋಗಿದೆಯೇ ನೋಡಿ. ಟಯರಿನ ಬದಿಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ; ಕಡಿಮೆ ಓಡಿದೆ ಎನ್ನುವ ಕಾರಿನ ಟಯರುಗಳು ಕಾರಿಗಿಂತ ತೀರಾ ಹೊಸವಾಗಿದ್ದರೆ ಏಕೆ ಎಂದು ಕೇಳಿ. 20,000 ಓಡಿದೆ ಎನ್ನುವ ಕಾರಿನಲ್ಲಿ ಕ್ಲಚ್ ಪೆಡಲಿನ ರಬ್ಬರ್ ನುಣುಪಾಗಿ ಸವೆದಿದ್ದರೆ, ಸ್ಟೀರಿಂಗ್ ಹೊಳೆಯುತ್ತಿದ್ದರೆ ವ್ಯಾಪಾರ ನಿಲ್ಲಿಸಿ. ಕೆಲವು ಕಾರುಗಳಲ್ಲಿ ಮೀಟರಿನ ಹೊರತಾಗಿ ಬೇರೆ ಕಂಪ್ಯೂಟರಿನಲ್ಲೂ ಲೆಕ್ಕ ಉಳಿದಿರುತ್ತದೆ, ಸ್ಕ್ಯಾನರಿನಲ್ಲಿ ಓದಬಹುದು.

ಬಿಡಿಭಾಗ ಇಲ್ಲಿ ಸಿಗದಿದ್ದರೆ?

ಹುಬ್ಬಳ್ಳಿಯಿಂದ ಬಸ್ ಪಾರ್ಸೆಲ್‌ನಲ್ಲಿ ತರಿಸಿಕೊಳ್ಳಬಹುದು. ಕಾರಿನ ಹೆಸರಷ್ಟೇ ಹೇಳಿದರೆ ಸಾಲದು. ತಯಾರಾದ ವರ್ಷ, ಚಾಸಿಸ್ ಸಂಖ್ಯೆ, ಹಳೆಯ ಸೆನ್ಸರಿನ ಮೇಲಿನ ನಂಬರ್, ಕನೆಕ್ಟರಿನ ಪಿನ್ನುಗಳು ಕಾಣುವಂಥ ಫೋಟೊ ಕಳುಹಿಸಿ. ಒಂದೇ ಮಾದರಿಯಲ್ಲಿ ಪೆಟ್ರೋಲಿಗೊಂದು, ಡೀಸೆಲಿಗೊಂದು ಸೆನ್ಸರ್ ಇರುವುದುಂಟು. ಹೊಸದು ಕೆಲಸ ಮಾಡುವುದು ಖಚಿತವಾಗುವವರೆಗೆ ಹಳೆಯದನ್ನು ಗ್ಯಾರೇಜಿನಲ್ಲಿ ಬಿಡದೆ ಕೇಳಿ ಪಡೆದುಕೊಳ್ಳಿ.